ಎಡಕ್ಕೆ ಅರ್ಧ ಹೆಜ್ಜೆ

ಕರೋಲ್ ಬಾಗ್

ಜಪಾನಿಗೆ ಹೋಗುವವರು ಹೂ ನೋಡಲು ಹೋಗುತ್ತಾರೆ, ಇಲ್ಲವೇ ಬುಲೆಟ್ ರೈಲು ಹತ್ತಲು ಹೋಗುತ್ತಾರೆ. ನಾನು ಹೋದದ್ದು ಕರಾಟೆ ಪರೀಕ್ಷೆಗೆ. ಐವತ್ತರ ಹೊಸ್ತಿಲಲ್ಲಿರುವ, ಮಂಡಿನೋವಿನ, ದೆಹಲಿಯ ಕರೋಲ್ ಬಾಗಿನಲ್ಲಿ ಇಡ್ಲಿ ಸಾಂಬಾರಿನ ಹೋಟೆಲ್ ನಡೆಸುವ ಹೆಂಗಸೊಬ್ಬಳು ಕರಾಟೆ ಪರೀಕ್ಷೆಗೆ ವಿಮಾನ ಹತ್ತುತ್ತಾಳೆ ಎಂದರೆ ಯಾರಿಗಾದರೂ ನಗು ಬರುತ್ತದೆ. ನಮ್ಮವರು ಗಲ್ಲಾದಲ್ಲಿ ಕೂತಲ್ಲೇ ನಕ್ಕರು.

"ಅಲ್ಲಿ ಯಾರಿಗಾದ್ರೂ ಹೊಡೆದು ಬಂದ್ರೆ ಮತ್ತೆ ವೀಸಾ ಕೊಡೂದಿಲ್ಲ ಮಾರಾಯ್ತಿ."

"ಹೊಡೆಸಿಕೊಂಡು ಬಂದ್ರೆ?" ಎಂದೆ.

"ಹಾಗಾದ್ರೆ ತೊಂದ್ರೆ ಇಲ್ಲ. ದೋಸೆ ಹೊಯ್ಯಲಿಕ್ಕೆ ಒಂದು ಕೈ ಉಳಿದ್ರೆ ಸಾಕು."

ನಾನು ಕರಾಟೆಗೆ ಸೇರಿದ್ದು ನನ್ನ ಆಸೆಯಿಂದಲ್ಲ. ಮಗಳು ತನ್ವಿ ಸಣ್ಣವಳಿದ್ದಾಗ ಅವಳನ್ನು ವಸಂತ್ ಕುಂಜಿನ ಒಂದು ಸಮುದಾಯ ಭವನದ ತರಗತಿಗೆ ಕರೆದುಕೊಂಡು ಹೋಗುತ್ತಿದ್ದೆ. ಅಷ್ಟು ದೂರ ಹೋಗಲು ಕಾರಣ, ಕಲಿಸುವವರು ಕನ್ನಡದವರು. ರಾಮಚಂದ್ರ ಸರ್ ಕೇಂದ್ರ ಸರ್ಕಾರದ ಕೆಲಸದಲ್ಲಿದ್ದು ನಿವೃತ್ತರಾದವರು. ಹೊರಗೆ ಬೆಂಚಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದ ನನ್ನನ್ನು ಒಂದು ದಿನ ಅವರೇ ಕರೆದರು: "ಕೂತು ಬೆನ್ನು ನೋವು ಮಾಡ್ಕೊಳ್ಳೋ ಬದಲು ನಿಂತು ಮಾಡ್ಕೊಳ್ಳಿ." ಮಗಳು ಎರಡೇ ವರ್ಷದಲ್ಲಿ ಬೇಸತ್ತು ಬಿಟ್ಟಳು. ನಾನು ಉಳಿದೆ. ದಿನವಿಡೀ ಗ್ರಾಹಕರು, ಗ್ಯಾಸು, ರಜೆ ಕೇಳುವ ಅಡುಗೆಯವರು ಎಂದು ಒದ್ದಾಡುವವಳಿಗೆ, ಯಾರೂ ಏನೂ ಕೇಳದ ಒಂದು ಜಾಗ ಸಿಕ್ಕಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಕರಾಟೆ ಎಂದರೆ ಇಟ್ಟಿಗೆ ಒಡೆಯುವುದು ಎಂದು ನಾನೂ ಅಂದುಕೊಂಡಿದ್ದೆ. ಅದರ ಜೀವ ಇರುವುದು 'ಕಾತಾ'ದಲ್ಲಿ. ಎದುರಿಗೆ ಇಲ್ಲದ ವೈರಿಗಳ ಜೊತೆ, ಹೆಜ್ಜೆ ತಪ್ಪದೆ, ಹಿಂದಿನವರು ಕಟ್ಟಿಕೊಟ್ಟ ಕ್ರಮದಲ್ಲೇ ಆಡುವ ಕಾಳಗ ಅದು. ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಇದ್ದ ಹಾಗೆ ಇದರಲ್ಲೂ ತಿಟ್ಟುಗಳಿವೆ. ಶೋಟೋಕಾನ್‌ನವರು ಕಾಲನ್ನು ಉದ್ದಕ್ಕೆ ಚಾಚಿ ದೂರದಿಂದ ನೇರ ಹೊಡೆಯುತ್ತಾರೆ. ವಾಡೋ ರ್ಯೂನವರು ಪೆಟ್ಟನ್ನು ತಡೆಯುವುದಕ್ಕಿಂತ ತಪ್ಪಿಸಿಕೊಳ್ಳುವುದೇ ಹೆಚ್ಚು. ಶಿಟೋ ರ್ಯೂನವರ ಬಳಿ ಕಾತಾಗಳ ದೊಡ್ಡ ಭಂಡಾರವೇ ಇದೆ. ನಮ್ಮದು ಗೋಜು ರ್ಯೂ, ಓಕಿನಾವಾ ದ್ವೀಪದ ನಾಹಾ ಪಟ್ಟಣದಲ್ಲಿ ಬೆಳೆದದ್ದು. ಮೈಗೆ ಮೈ ತಾಗುವಷ್ಟು ಹತ್ತಿರದ ಕಾಳಗ, ಬಿಗಿ ಮತ್ತು ಸಡಿಲ ಎರಡೂ ಬೇಕು, ಉಸಿರೇ ಅದರ ತಾಳ. ಯಾವುದು ಮೇಲು ಎಂದು ಕೇಳಬೇಡಿ. ಆ ಜಗಳ ನಮ್ಮೂರಿನ ಮೇಳದವರ ಜಗಳದಷ್ಟೇ ಹಳೆಯದು.

ಕಳೆದ ಚಳಿಗಾಲದಲ್ಲಿ ಸರ್‌ಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಮಕ್ಕಳಿಗೆ ಬೆಲ್ಟ್ ಕೊಡಲು ಕನಿಷ್ಠ ಮೂರನೆಯ ಡಾನ್, ಅಂದರೆ ಕಪ್ಪು ಬೆಲ್ಟಿನ ಮೂರನೆಯ ಮೆಟ್ಟಿಲು, ಹತ್ತಿದವರು ಇರಬೇಕು ಎನ್ನುವುದು ನಮ್ಮ ತಿಟ್ಟಿನ ನಿಯಮ. ಹಿರಿಯ ವಿದ್ಯಾರ್ಥಿಗಳಲ್ಲಿ ಒಬ್ಬ ಕೆನಡಾ ಸೇರಿದ್ದ. ಇನ್ನೊಬ್ಬ, ನೇಗಿ ಭಯ್ಯಾ, ಪದಕಕ್ಕಾಗಿ ಆಡುವ ಸ್ಪರ್ಧೆಯ ಕರಾಟೆ ಹಿಡಿದು ಬೇರೆ ಕಡೆ ಹೋಗಿದ್ದ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಾನು ಉಳಿದೆ. ಭವನದ ಸಮಿತಿಯವರು ಖಡಾಖಂಡಿತವಾಗಿ ಹೇಳಿದ್ದರು: ದೀಪಾವಳಿಯೊಳಗೆ ಅರ್ಹತೆ ಇರುವ ಶಿಕ್ಷಕರು ಬರಬೇಕು, ಇಲ್ಲದಿದ್ದರೆ ಜಾಗ ಜುಂಬಾ ಕುಣಿತದವರಿಗೆ.

ಹಾಗಾಗಿ ನಾನು ಗೆದ್ದರೆ ಸರ್ ಕಟ್ಟಿದ ತರಗತಿ ಉಳಿಯುತ್ತದೆ, ಸೋತರೆ ಮುಚ್ಚುತ್ತದೆ. ಹೊರಡುವ ಮುನ್ನ ನೋಡಲು ಹೋದಾಗ ಸರ್ ಎಡಗೈಯನ್ನು ನನ್ನ ತಲೆಯ ಮೇಲಿಟ್ಟು ಏನೋ ಹೇಳಲು ಹೋದರು. ಮಾತು ಬರಲಿಲ್ಲ. ನನಗೆ ಅಲ್ಲಿಂದಲೇ ಹೆದರಿಕೆ ಶುರುವಾಯಿತು.

ನಾಹಾ

ಜೊತೆಗೆ ತನ್ವಿ ಬಂದಳು. ವಿಶ್ವವಿದ್ಯಾಲಯದಲ್ಲಿ ಅವಳು ಓದುತ್ತಿರುವುದು ಜಪಾನಿ ಭಾಷೆ. "ಕರಾಟೆ ಬಿಟ್ಟರೂ ಜಪಾನ್ ಬಿಡ್ಲಿಲ್ಲ ನೋಡು" ಎಂದು ನಾನು ಚುಚ್ಚಿದರೆ, "ಅಮ್ಮ, ತುಮ್ ಭೀ ನಾ, ಎರಡಕ್ಕೂ ಸಂಬಂಧಾನೇ ಇಲ್ಲ" ಎಂದು ಮುಖ ತಿರುಗಿಸುತ್ತಾಳೆ.

ನಾಹಾದಲ್ಲಿ ಒಂದೇ ಹಳಿಯ ಮೇಲೆ ಓಡುವ ಪುಟ್ಟ ರೈಲಿದೆ. ನಾವು ಹತ್ತಿದಾಗ ಡಬ್ಬಿ ತುಂಬ ಜನ, ಒಂದು ಪಿಸುಮಾತಿಲ್ಲ. ಕರೋಲ್ ಬಾಗಿನಲ್ಲಿ ಮೆಟ್ರೊ ಹತ್ತುವವಳು ನಾನು. ಅಲ್ಲಿ ಒಂದು ನಿಲ್ದಾಣ ಮುಗಿಯುವುದರೊಳಗೆ ಪಕ್ಕದವರ ಮಗಳ ಮದುವೆ ಎಲ್ಲಿಗೆ ಬಂತು ಎಂದು ತಿಳಿದಿರುತ್ತದೆ. ಇಲ್ಲಿ ನನ್ನ ಫೋನ್ ಬಡಿದುಕೊಂಡಿತು. ನಮ್ಮವರು: "ಸಣ್ಣ ಗ್ರೈಂಡರಿನ ಕಲ್ಲು ಎಲ್ಲಿ ಇಟ್ಟಿದ್ದಿ?" ನಾನು ಊರಿನ ಅಭ್ಯಾಸದಲ್ಲಿ ಗಟ್ಟಿಯಾಗಿಯೇ ಉತ್ತರ ಕೊಟ್ಟೆ. ಯಾರೂ ಬೈಯಲಿಲ್ಲ. ಇಡೀ ಡಬ್ಬಿಯ ಕಣ್ಣುಗಳು ಮೆಲ್ಲನೆ ನೆಲ ನೋಡಿದವು. ಬೈದಿದ್ದರೇ ಚೆನ್ನಾಗಿತ್ತು.

ಮನೆಗಳ ಮಾಡಿನ ಮೇಲೆಲ್ಲ ಜೋಡಿ ಸಿಂಹಗಳು ಕೂತಿರುತ್ತವೆ. ಒಂದು ಬಾಯಿ ತೆರೆದಿರುತ್ತದೆ, ಒಂದು ಮುಚ್ಚಿರುತ್ತದೆ. ಕೆಟ್ಟದ್ದನ್ನು ಓಡಿಸಲು ಒಂದು, ಒಳ್ಳೆಯದನ್ನು ಹಿಡಿದಿಡಲು ಇನ್ನೊಂದು ಎಂದು ನಾವು ಇಳಿದುಕೊಂಡ ಸಣ್ಣ ವಸತಿಗೃಹದ ಯಜಮಾನಿ ಹೇಳಿದಳು. ಅವಳೇ ಊಟಕ್ಕೆ ಹಾಗಲಕಾಯಿ ಪಲ್ಯ ಮಾಡಿದ್ದಳು. ಅಲ್ಲಿ ಹಾಗಲಕಾಯಿ ನಿತ್ಯದ ತರಕಾರಿ. ಸಾಮಾನ್ಯವಾಗಿ ಅದಕ್ಕೆ ಹಂದಿಮಾಂಸ ಬೆರೆಸುತ್ತಾರೆ. ಸಸ್ಯಾಹಾರಿಗಳಾದ ನಮಗಾಗಿ ಬಿಟ್ಟಿದ್ದಳು, ಆದರೆ ಮೀನಿನ ಸಾರು ಚಿಮುಕಿಸದೆ ಅವಳಿಗೆ ಮನಸ್ಸು ಒಪ್ಪಿರಲಿಲ್ಲ. ಕರಾವಳಿಯವಳಾದ ನನಗೆ ವಾಸನೆ ಕೂಡಲೇ ತಿಳಿಯಿತು. ನಾನು ತಂದಿದ್ದ ಅವಲಕ್ಕಿ ಚೀಲ ಬಿಚ್ಚಿದೆ.

ಡೋಜೊ, ಮೊದಲ ದಿನ

ಅಭ್ಯಾಸದ ಮನೆಗೆ ಡೋಜೊ ಎನ್ನುತ್ತಾರೆ. ನಾನು ದೊಡ್ಡ ಕಟ್ಟಡ ಕಲ್ಪಿಸಿಕೊಂಡಿದ್ದೆ. ಗಲ್ಲಿಯೊಳಗಿನ ಒಂದು ಮನೆಯ ಕೆಳಭಾಗ ಅದು. ಮರದ ನೆಲ, ಮೂಲೆಯಲ್ಲಿ ಗುದ್ದಿ ಗುದ್ದಿ ನುಣುಪಾದ ಮರದ ಹಲಗೆ, ಗೋಡೆಯ ಬುಡದಲ್ಲಿ ಸಾಲಾಗಿ ಭರಣಿಗಳು. ನಮ್ಮ ಉಪ್ಪಿನಕಾಯಿ ಭರಣಿಯಂಥವೇ, ಒಳಗೆ ಮಾತ್ರ ಮರಳು. ಬೆರಳ ತುದಿಯಿಂದ ಅವುಗಳ ಬಾಯಿ ಹಿಡಿದೆತ್ತಿ ನಡೆಯಬೇಕು.

ತರಗತಿ ಶುರುವಾಗುವುದು ನೆಲ ಒರೆಸುವುದರಿಂದ. ಎಲ್ಲರೂ, ಬಿಳಿಗೂದಲಿನವರೂ, ಒದ್ದೆ ಬಟ್ಟೆಯ ಮೇಲೆ ಎರಡು ಕೈ ಊರಿ, ಸೊಂಟ ಮೇಲೆತ್ತಿ, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಓಡುತ್ತಾರೆ. ದೆಹಲಿಯಲ್ಲಿ ನಾವು ಭವನದ ಚೌಕಿದಾರನನ್ನು "ಭಯ್ಯಾ, ಝಾಡು ಹೊಡೆದಿಲ್ವಾ?" ಎಂದು ಗದರುತ್ತಿದ್ದೆವು. ನಾನು ಹೋಟೆಲಿನವಳು, ಒರೆಸುವುದರಲ್ಲಿ ಯಾರಿಗೂ ಬಿಟ್ಟುಕೊಡುವವಳಲ್ಲ. ಅಲ್ಲಿ ಮಾತ್ರ ನನ್ನ ಮರ್ಯಾದೆ ಉಳಿಯಿತು.

ಕಲಿಸುತ್ತಿದ್ದವರು ಕಿಯೋಕೊ ಎಂಬ ಹೆಂಗಸು. ನನ್ನದೇ ವಯಸ್ಸು, ನನ್ನ ಅರ್ಧ ತೂಕ. ಗುರುಗಳಿಗೆ ಅಲ್ಲಿ ಸೆನ್ಸೇ ಎನ್ನುತ್ತಾರೆ. ಕಿಯೋಕೊ ಸೆನ್ಸೇಯ ಹಿಂದೆ, ಗೋಡೆಗೆ ಒರಗಿದ ಕುರ್ಚಿಯಲ್ಲಿ, ಎಂಬತ್ತು ದಾಟಿದ ಹಿರಿಯ ಸೆನ್ಸೇ ಬೀಸಣಿಗೆ ಹಿಡಿದು ಕೂತಿದ್ದರು. ನಾಲ್ಕನೆಯ ದಿನ ಪರೀಕ್ಷೆ. ಅಲ್ಲಿಯವರೆಗೆ ಎಲ್ಲರೊಡನೆ ಅಭ್ಯಾಸ.

ನನ್ನ ಪರೀಕ್ಷೆಯ ಕಾತಾ 'ಸೇಯುಂಚಿನ್'. ಅದರಲ್ಲಿ ಒದೆತವಿಲ್ಲ. ಕಾಲುಗಳನ್ನು ಅಗಲಿಸಿ, ಕಾಣದ ಮಣೆಯ ಮೇಲೆ ಕೂತಂತೆ ಕುಸಿದು, ಎಳೆಯುತ್ತ ತಳ್ಳುತ್ತ ನಿಧಾನವಾಗಿ ಮುಂದೆ ಹೋಗಬೇಕು. ಮಂಡಿನೋವಿನವರಿಗೆ ಅದು ಶಿಕ್ಷೆಯೇ. ಒಂದು, ಎರಡು, ಮೂರು ಹೆಜ್ಜೆ ಮುಂದೆ ಹೋದೆ. ಮೂರನೆಯದು ಮುಗಿಯುತ್ತಲೇ ರೂಢಿಯಂತೆ ಎಡಕ್ಕೆ ಅರ್ಧ ಹೆಜ್ಜೆ ಜಾರಿದೆ.

ಅಕ್ಕಪಕ್ಕದವರು ಯಾರೂ ಜಾರಲಿಲ್ಲ. ಕಿಯೋಕೊ ಸೆನ್ಸೇ ಕೈ ಎತ್ತಿದರು. ಇಡೀ ಸಾಲು ನಿಂತಿತು. ಬಾಗಿಲ ಬಳಿ ಕೂತಿದ್ದ ತನ್ವಿಯನ್ನು ಕರೆದರು.

"ಅಮ್ಮ, ಆ ಲೆಫ್ಟ್ ಸ್ಟೆಪ್ ಏನು ಅಂತ ಕೇಳ್ತಿದಾರೆ."

"ನಮ್ಮ ಸರ್ ಕಲಿಸಿದ್ದು ಅಂತ ಹೇಳು."

"ಅದರ ಅರ್ಥ ಏನು ಅಂತೆ. ಕ್ಯೂಂ ಕರ್ತೆ ಹೈ?"

ಕಾತಾದ ಪ್ರತಿ ಚಲನೆಗೂ ಅರ್ಥವಿದೆ. ಎದುರಾಳಿ ಎಲ್ಲಿಂದ ಬಂದ, ಏನು ಹಿಡಿದ, ನಾವು ಯಾಕೆ ಹಾಗೆ ಮಾಡಿದೆವು ಎಂದು ಹೇಳಲು ಬರಬೇಕು. ಪರೀಕ್ಷೆಯಲ್ಲೂ ಕೇಳುತ್ತಾರೆ. ನೇಗಿ ಭಯ್ಯಾ ನಮಗೆ ಹೇಳಿದ್ದ, ಎದುರಿನಿಂದ ಈಟಿ ಬರುತ್ತದೆ, ಅದನ್ನು ತಪ್ಪಿಸಲು ಎಂದು. ಅದನ್ನೇ ಹೇಳಿಸಿದೆ. ಕಿಯೋಕೊ ಸೆನ್ಸೇಯ ಹುಬ್ಬು ಗಂಟಾಯಿತು. ಕೈ ಹಿಡಿಯುವಷ್ಟು ಹತ್ತಿರವಿರುವ ಎದುರಾಳಿಯ ಬಳಿ ಈಟಿ ಎಲ್ಲಿಂದ ಬಂತು ಎಂದರು.

"ದೆಹಲಿಯಲ್ಲಿ ಎಷ್ಟು ಜನ ಹೀಗೆ ಮಾಡ್ತಾರೆ ಅಂತೆ."

"ಎಲ್ಲರೂ," ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ಹಿರಿಯ ಸೆನ್ಸೇ ಕಡೆ ನೋಡಿದರು. ಬೀಸಣಿಗೆ ನಿಂತಿತ್ತು. ಆಮೇಲೆ ಕಿಯೋಕೊ ಸೆನ್ಸೇ ಬಹಳ ಮರ್ಯಾದೆಯಿಂದ, ಮುಗುಳ್ನಗುತ್ತಲೇ, ಒಂದು ಮಾತು ಹೇಳಿ ತಲೆಬಾಗಿದರು. ಹೊರಗೆ ಬಂದ ಮೇಲೆ ಕೇಳಿದೆ, ಏನಂದರು?

"'ಹೀಗಾದರೆ ಸ್ವಲ್ಪ ಕಷ್ಟವಾಗುತ್ತದೆ' ಅಂದ್ರು."

"ಸ್ವಲ್ಪ ತಾನೆ? ಸುಧಾರಿಸೋಣ."

ತನ್ವಿ ತಲೆ ಅಲ್ಲಾಡಿಸಿದಳು. "ಅಮ್ಮ, ಇಲ್ಲಿ 'ಸ್ವಲ್ಪ ಕಷ್ಟ' ಅಂದ್ರೆ ಆಗೋದೇ ಇಲ್ಲ ಅಂತ."

ನಮ್ಮ ದೆಹಲಿಯಲ್ಲಿ 'ಹೋ ಜಾಯೇಗಾ ಜೀ', ಆಗಿಬಿಡುತ್ತದೆ, ಎಂದರೂ ಆಗುವುದಿಲ್ಲ ಎಂದೇ ಅರ್ಥ. ಆದರೆ ಅಲ್ಲಿ ಜಗಳವಾಡಿ ಆಗಿಸಿಕೊಳ್ಳಬಹುದು. ಇಲ್ಲಿ ಯಾರ ಜೊತೆ ಜಗಳವಾಡುವುದು? ಸರ್ ತಪ್ಪು ಕಲಿಸಿದ್ದಾರೆ ಎಂದಾದರೆ ಬರೀ ನನ್ನ ಪರೀಕ್ಷೆ ಹೋಗುವುದಲ್ಲ, ಅವರು ಕಟ್ಟಿದ ಬೆಲ್ಟುಗಳಿಗೆಲ್ಲ ಪ್ರಶ್ನೆ ಬರುತ್ತದೆ.

ಗಾಳಿಯ ಸುದ್ದಿ

ಮರುದಿನ ಬೆಳಗ್ಗೆ ಎದ್ದಾಗ ಯಜಮಾನಿ ಹೂಕುಂಡಗಳನ್ನೆಲ್ಲ ಒಳಗೆ ಹೊರುತ್ತಿದ್ದಳು. ಎದುರು ಮನೆಯವನು ಸೈಕಲ್ಲುಗಳನ್ನು ನೆಲಕ್ಕೆ ಮಲಗಿಸಿ ಹಗ್ಗ ಬಿಗಿಯುತ್ತಿದ್ದ. ಅಂಗಡಿಯಲ್ಲಿ ಬ್ರೆಡ್ಡಿನ ಕಪಾಟು ಖಾಲಿ. ಆಕಾಶ ಮಾತ್ರ ಸ್ವಚ್ಛ ನೀಲಿ. ತನ್ವಿ ಫೋನು ಹಿಡಿದು ಓಡಿಬಂದಳು.

"ಅಮ್ಮ, ಟೈಫೂನ್ ಬರ್ತಿದೆ. ಟೆಸ್ಟ್ ನಾಳೆ ಬೆಳಗ್ಗೆ ಮಾಡಿ ಮುಗಿಸ್ತಾರಂತೆ. ಕಿಯೋಕೊ ಸೆನ್ಸೇ ಮೆಸೇಜ್."

ಗಾಳಿಮಳೆ ಕರಾವಳಿಯವರಿಗೆ ಹೊಸದಲ್ಲ. ಆದರೆ ಈ ಗಾಳಿ ನನ್ನ ಕಾಲ ಕೆಳಗಿನ ಒಂದು ದಿನವನ್ನು ಎಳೆದುಕೊಂಡು ಹೋಗಿತ್ತು. ಸರ್‌ಗೆ ಫೋನ್ ಮಾಡಲು ನನಗೆ ಮನಸ್ಸಿರಲಿಲ್ಲ. ಕಾಯಿಲೆಯ ಮನುಷ್ಯನಿಗೆ 'ನೀವು ಕಲಿಸಿದ್ದು ತಪ್ಪಂತೆ' ಎಂದು ಯಾವ ಬಾಯಲ್ಲಿ ಹೇಳುವುದು? ದೆಹಲಿಯಲ್ಲಿ ಬೆಳಗಾಗುವವರೆಗೆ ಕಾದು, ಕೊನೆಗೆ ವಿಡಿಯೊ ಕರೆ ಮಾಡಿದೆ. ಸರ್ ಹೆಂಡತಿ ಶಾಂತಕ್ಕ ಫೋನನ್ನು ಅವರ ಎದುರು ಹಿಡಿದರು. ಚಹಾ ಕುಡಿಯುತ್ತ ಕೂತಿದ್ದರು ಸರ್.

ಬಾಯಲ್ಲಿ ಹೇಳಲಾರದೆ ಮಾಡಿ ತೋರಿಸಿದೆ. ಹಾಸಿಗೆ ಬಿಟ್ಟರೆ ಜಾಗವೇ ಇಲ್ಲದ ಆ ಕೋಣೆಯಲ್ಲಿ ಮೂರು ಹೆಜ್ಜೆ ಇಟ್ಟು ಎಡಕ್ಕೆ ಜಾರಿದೆ. "ಸರ್, ಇದು ಯಾಕೆ ಅಂತ ಕೇಳ್ತಿದಾರೆ."

ಅವರು ನನ್ನ ಕಾಲನ್ನೇ ನೋಡಿದರು. ಆಮೇಲೆ ಮುಖದ ಅರ್ಧಭಾಗದಲ್ಲಿ ನಗು ಎದ್ದಿತು. "ಕಂ... ಬ," ಎಂದರು.

"ಕಂಬನಾ?" ಎಂದರು ಶಾಂತಕ್ಕ. ಒಂದು ಕ್ಷಣ ಬಿಟ್ಟು ಹಣೆ ಚಚ್ಚಿಕೊಂಡರು. "ಅಯ್ಯೋ ರಾಮ! ಆರ್.ಕೆ.ಪುರಂ ಹಾಲ್‌ನ ಕಂಬ! ವಾರಿಜಾ, ನೀನು ನೋಡಿಲ್ಲ ಅದನ್ನ. ನಾವು ಕ್ವಾರ್ಟರ್ಸಿನಲ್ಲಿದ್ದಾಗ ಕ್ಲಾಸು ನಡೀತಿದ್ದದ್ದು ಅಲ್ಲಿ. ಹಾಲಿನ ನಟ್ಟನಡುವೆ ಇಷ್ಟು ದಪ್ಪ ಕಂಬ. ಇದೇ ಕಾತಾ ಮಾಡ್ತಾ ಒಬ್ಬ ಹುಡುಗ ಹೋಗಿ ಹಣೆ ಬಡಿದುಕೊಂಡ, ಹೊಲಿಗೆ ಹಾಕಿಸಿದ್ವಿ. ಆವತ್ತಿಂದ ಇವರು ಎಲ್ಲರಿಗೂ, ಮೂರು ಹೆಜ್ಜೆ ಆದ ಕೂಡಲೇ ಎಡಕ್ಕೆ ಜಾರಿ ಅಂತ ಹೇಳಿಬಿಟ್ರು."

"ವಸಂತ್ ಕುಂಜಿಗೆ ಬಂದ ಮೇಲೆ ಯಾಕೆ ಬಿಡಿಸ್ಲಿಲ್ಲ ಅಕ್ಕ?"

"ಬಿಡಿಸೋಕೆ ನೆನಪಿರ್ಬೇಕಲ್ಲ! ಇವರ ಕಾಲಿಗೇ ರೂಢಿಯಾಗಿಹೋಗಿತ್ತು."

ನಮ್ಮಲ್ಲೊಂದು ಕಥೆ ಹೇಳುತ್ತಾರೆ. ಶ್ರಾದ್ಧದ ದಿನ ಬೆಕ್ಕು ಅಡ್ಡಬರುತ್ತದೆಂದು ಅಪ್ಪ ಅದನ್ನು ಬುಟ್ಟಿಯ ಕೆಳಗೆ ಕವುಚಿಟ್ಟ. ಮಗನ ಕಾಲಕ್ಕೆ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಅವನು ನೆರೆಮನೆಯಿಂದ ಬೆಕ್ಕು ತಂದು ಕವುಚಿದ. ಹೋಟೆಲಿನ ಹುಡುಗರಿಗೆ ಎಷ್ಟು ಸಲ ಈ ಕಥೆ ಹೇಳಿ ನಕ್ಕಿದ್ದೇನೋ. ಹತ್ತು ವರ್ಷದಿಂದ ನಾನೇ ಆ ಬೆಕ್ಕನ್ನು ಕವುಚುತ್ತಿದ್ದೆ. ಇಲ್ಲದ ಕಂಬ, ಅದಕ್ಕೊಬ್ಬ ಇಲ್ಲದ ಈಟಿಯವನು! ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಸರ್ ಮೇಲೆ ಬಂದ ಸಿಟ್ಟು ಅವರ ಮುಖ ನೋಡಿದ ಕೂಡಲೇ ಕರಗಿತು. ಅವರು ಎಡಗೈ ಬೀಸಿ, "ಬಿ... ಟ್ಟು ಬಿಡು" ಎಂದರು.

ಕಡಲ ದಂಡೆ

ಬಿಡು ಎಂದರೆ ಬಿಡುವುದಕ್ಕೆ ಅದೇನು ಚಪ್ಪಲಿಯೇ? ಡೋಜೊ ಮುಚ್ಚಿತ್ತು. ಕಡಲ ಪಕ್ಕದ ಉದ್ಯಾನದಲ್ಲಿ ಸಿಮೆಂಟಿನ ಅಂಗಳ ಹುಡುಕಿಕೊಂಡೆವು. ನೀರು ಬೂದುಬಣ್ಣಕ್ಕೆ ತಿರುಗಿತ್ತು, ಗಾಳಿ ಒಂದೇ ಸಮನೆ ಏರುತ್ತಿತ್ತು. ಮೂರು ಹೆಜ್ಜೆ, ಕಾಲು ಎಡಕ್ಕೆ. ಮತ್ತೆ ಮೂರು ಹೆಜ್ಜೆ, ಮತ್ತೆ ಎಡಕ್ಕೆ. ತಲೆ ಬೇಡವೆಂದರೂ ಕಾಲು ಕೇಳುವುದಿಲ್ಲ. ಅಳು ಬರುವಂತಾಯಿತು.

ತನ್ವಿ ಎದ್ದು ಬಂದು ನನ್ನ ಎಡಕ್ಕೆ, ಸರಿಯಾಗಿ ಜಾರುವ ಜಾಗದಲ್ಲಿ ನಿಂತಳು. "ನಾನು ಇಲ್ಲೇ ನಿಲ್ತೀನಿ. ತುಮ್ ಕರೋ."

"ಪೆಟ್ಟಾಗ್ತದೆ ಕಣೇ."

"ಆಗ್ಲಿ. ಚಲೋ."

ಮೊದಲ ಸಲ ನನ್ನ ಪಾದ ಅವಳ ಮೊಣಕಾಲಿನ ಕೆಳಗೆ ಬಡಿಯಿತು. ಎರಡನೆಯ ಸಲವೂ ಅಲ್ಲೇ. ಅವಳು ಹಲ್ಲು ಕಚ್ಚಿ ನಿಂತಳು. ಹನ್ನೊಂದರ ವಯಸ್ಸಿನಲ್ಲಿ 'ಬೋರು' ಎಂದು ಬಿಳಿ ಅಂಗಿಯನ್ನು ಮಂಚದ ಕೆಳಗೆ ಎಸೆದ ಮಗಳು ಇವಳೇನಾ ಎನ್ನಿಸಿತು. ಕತ್ತಲಾಗುವ ಮುನ್ನ, ಮಳೆಯ ಮೊದಲ ಹನಿಗಳು ಅಡ್ಡಡ್ಡ ಬೀಳುವ ಹೊತ್ತಿಗೆ, ಕಾಲು ನೇರಕ್ಕೆ ನಿಲ್ಲಲು ಕಲಿತಿತ್ತು. ಅಥವಾ ಕಲಿತ ಹಾಗೆ ನಟಿಸುತ್ತಿತ್ತು.

ವಾಪಸು ಬರುವಾಗ ತನ್ವಿ ಕುಂಟುತ್ತಲೇ ಹೇಳಿದಳು: "ಅಮ್ಮ, ಕಂಬದ ಮಾತು ಅಲ್ಲಿ ಎತ್ತಬೇಡ, ಪ್ಲೀಸ್. ಸರ್ ಬಗ್ಗೆ ಏನಂದ್ಕೋತಾರೆ? ನಿನ್ನದೇ ಕನ್‌ಫ್ಯೂಶನ್ ಆಗಿತ್ತು ಅಂತ ಹೇಳೋಣ." ನಾನು ಹೂಂ ಎಂದೆ.

ಪರೀಕ್ಷೆ

ಬೆಳಗ್ಗೆ ಡೋಜೊದ ಕಿಟಕಿಗಳಿಗೆಲ್ಲ ತಗಡಿನ ಬಾಗಿಲು ಎಳೆದಿದ್ದರು. ಗಾಳಿ ಅವುಗಳನ್ನು ಹಿಡಿದು ಅಲುಗಾಡಿಸುತ್ತಿತ್ತು. ಒಳಗೆ ಟ್ಯೂಬ್‌ಲೈಟಿನ ಬೆಳಕು. ನನ್ನ ಸರದಿ ಕೊನೆಯದು.

ಹೆಸರು ಕರೆದರು. ನಿಂತೆ, ಬಾಗಿದೆ, ಶುರು ಮಾಡಿದೆ. ಒಂದು. ಎರಡು. ಮೂರು. ಕಾಲು ಎಡಕ್ಕೆ ಸೆಳೆಯಿತು. ಹೆಬ್ಬೆರಳಿನಿಂದ ನೆಲ ಕಚ್ಚಿ ಹಿಡಿದೆ. ಜಾರಲಿಲ್ಲ. ಜಾರಲಿಲ್ಲ ಎಂಬ ಸಂತೋಷದಲ್ಲೇ ಮುಂದಿನ ಚಲನೆ ಮರೆತುಹೋಯಿತು. ಒಂದು ಉಸಿರು ಎಳೆದೆ, ಇನ್ನೊಂದು ಎಳೆದೆ, ಆಮೇಲೆ ಕೈ ತಾನಾಗಿ ಎದ್ದಿತು. ಉಳಿದದ್ದು ಹೇಗೆ ಮುಗಿಯಿತೋ ನನಗೆ ಇವತ್ತಿಗೂ ನೆನಪಿಲ್ಲ. ಮಂಡಿ ಉರಿದದ್ದು ಮಾತ್ರ ನೆನಪಿದೆ.

ಕಿಯೋಕೊ ಸೆನ್ಸೇ ತನ್ವಿಯನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡರು. ಒಂದೊಂದೇ ಚಲನೆಯ ಅರ್ಥ ಕೇಳಿದರು, ಹೇಳಿದೆ. ಕೊನೆಗೆ ಕೇಳಿದ್ದನ್ನು ತನ್ವಿ ಕೂಡಲೇ ಕನ್ನಡಕ್ಕೆ ತರಲಿಲ್ಲ.

"ಮೊನ್ನೆ ಆ ಹೆಜ್ಜೆ ಇತ್ತು, ಇವತ್ತು ಇಲ್ಲ. ತಪ್ಪು ನಿಮ್ಮದಾ, ನಿಮ್ಮ ಗುರುಗಳದಾ ಅಂತ ಕೇಳ್ತಿದಾರೆ." ಆಮೇಲೆ ತುಟಿ ಅಲ್ಲಾಡಿಸದೆ, "ನಿನ್ನದು ಅಂತ ಹೇಳಿಬಿಡ್ಲಾ?"

ತಗಡು ಧಡಧಡ ಬಡಿಯಿತು. ನಿನ್ನೆ ಹೂಂ ಎಂದವಳು ನಾನೇ. ಆದರೆ ಹಿರಿಯ ಸೆನ್ಸೇ ನನ್ನನ್ನೇ ನೋಡುತ್ತಿದ್ದರು. ದೆಹಲಿಯಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಎಂದು ನಾನೇ ಬಾಯಿಬಿಟ್ಟಾಗಿತ್ತು. ಸುಳ್ಳು ಹೇಳಿದರೆ ಇವರು ನಂಬುವುದಿಲ್ಲ. ನಂಬಿದರೂ ನಾಳೆ ಆ ಮಕ್ಕಳ ಮುಂದೆ ನಿಂತು ನಾನು ಏನು ಕಲಿಸಲಿ?

"ಇಬ್ಬರದೂ ಅಲ್ಲ, ಕಂಬದ್ದು ಅಂತ ಹೇಳು," ಎಂದೆ.

"ಅಮ್ಮ, ಮತ್ ಬೋಲೋ..."

"ಹೇಳು ಮಗಾ. ಇದ್ದದ್ದು ಇದ್ದ ಹಾಗೆ."

ಅವಳು ಹೇಳಿದಳು. ಶುರುವಿನಲ್ಲಿ ದನಿ ನಡುಗುತ್ತಿತ್ತು. ಕಂಬ ಎನ್ನುವಾಗ ಡೋಜೊದ ಮೂಲೆಯ ಮರದ ಕಂಬದತ್ತ ಕೈ ತೋರಿಸಿದಳು. ಹಣೆ ಒಡೆದ ಹುಡುಗ, ಹೊಲಿಗೆ, ಬದಲಾದ ಹಾಲು, ಸರ್‌ಗೆ ಬಂದ ಕಾಯಿಲೆ, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಯಿತು. ಮುಗಿದಾಗ ಯಾರೂ ನಗಲಿಲ್ಲ. ಕಿಯೋಕೊ ಸೆನ್ಸೇ ನೆಲ ನೋಡುತ್ತಿದ್ದರು. ಆ ರೈಲಿನ ಜನ ನೋಡಿದ ಹಾಗೆಯೇ. ಕೆಲಸ ಕೆಟ್ಟಿತು ಎಂದುಕೊಂಡೆ.

ಹಿರಿಯ ಸೆನ್ಸೇ ಬೀಸಣಿಗೆ ಮಡಚಿದರು. ಆವರೆಗೆ ಒಂದು ಮಾತೂ ಆಡದವರು ನೇರ ನನ್ನನ್ನು ಕೇಳಿದರು. ತನ್ವಿ ಹೇಳಿದಳು: "ಆ ಕಂಬ ಈಗಲೂ ಇದೆಯಾ?"

"ಇಲ್ಲ. ಈಗಿನ ಹಾಲಿನಲ್ಲಿ ಕಂಬ ಇಲ್ಲ."

"ಮತ್ತೆ ಇಷ್ಟು ವರ್ಷ ಯಾರನ್ನು ತಪ್ಪಿಸಿಕೊಂಡು ಹೋಗ್ತಿದ್ರಿ?"

ನಾನು ಬಾಗಿದೆ. ಅವರೂ ಕೂತಲ್ಲೇ ಬಾಗಿದರು.

ಗಾಳಿ ಜೋರಾಗುವುದರೊಳಗೆ ಮನೆ ಸೇರಬೇಕೆಂದು ಫಲಿತಾಂಶವನ್ನು ಅಲ್ಲೇ ಹೇಳಿದರು. ನಾನು ಪಾಸಾಗಿದ್ದೆ. ಆ ಹೆಜ್ಜೆ ಬಿಡಿಸಿ ಕಲಿಸುತ್ತೇನೆಂದು ಮಾತು ಕೊಡಬೇಕು ಎಂದರು. ಕೊಟ್ಟೆ. ಬಾಗಿಲ ತನಕ ಬಂದ ಕಿಯೋಕೊ ಸೆನ್ಸೇ ತನ್ವಿಯ ಕಿವಿಯಲ್ಲಿ ಏನೋ ಹೇಳಿ ಮೊದಲ ಸಲ ನಕ್ಕರು. ಹಿರಿಯ ಸೆನ್ಸೇಯ ಗುರುಗಳಿಗೆ ಬಲಮಂಡಿ ನೋವಿತ್ತಂತೆ, ಬಲಕ್ಕೆ ತಿರುಗುವಾಗ ನಿಧಾನಿಸುತ್ತಿದ್ದರಂತೆ. ಈಗ ಇಡೀ ಶಾಲೆ ನಿಧಾನವಾಗಿ ತಿರುಗುತ್ತದೆ. ಅದರ ಅರ್ಥ ಯಾರೂ ಕೇಳಿಲ್ಲ.

ರಸ್ತೆಗೆ ಬಂದ ಮೇಲೆ ಗಾಳಿಗೆ ಎದುರಾಗಿ ನಡೆಯಲಾರದೆ ತಾಯಿ ಮಗಳು ಒಬ್ಬರ ಸೊಂಟ ಒಬ್ಬರು ಹಿಡಿದುಕೊಂಡೆವು. ನಾನು ಅಳುತ್ತಿದ್ದೆ. ಮಳೆಯಿದ್ದದ್ದರಿಂದ ಅವಳಿಗೆ ಗೊತ್ತಾಗಲಿಲ್ಲ ಎಂದುಕೊಂಡಿದ್ದೇನೆ.

ಮುಚ್ಚಿದ ಬಾಗಿಲೊಳಗೆ

ಟೈಫೂನು ಬಂದು ಹೋಗುವವರೆಗೆ ವಸತಿಗೃಹದಿಂದ ಯಾರೂ ಹೊರಬೀಳಲಿಲ್ಲ. ಕರೆಂಟು ಹೋಯಿತು. ದೆಹಲಿಯಲ್ಲಾದರೆ ಅಕ್ಕಪಕ್ಕದವರೆಲ್ಲ ಬಾಲ್ಕನಿಗೆ ಬಂದು ಸರ್ಕಾರವನ್ನು ಬೈಯುತ್ತಿದ್ದರು. ಯಜಮಾನಿ ಮೇಣದಬತ್ತಿ ಹಚ್ಚಿ, ಇಸ್ಪೀಟು ತಂದಿಟ್ಟಳು. ಬ್ರೆಡ್ಡೂ ಇಲ್ಲ, ಒಲೆಯೂ ಇಲ್ಲ. ನಾನು ಉಳಿದ ಅವಲಕ್ಕಿಗೆ ಚಟ್ನಿಪುಡಿ, ಅವಳದೇ ಮನೆಯ ಹಸಿ ಹಾಗಲಕಾಯಿಯ ತೆಳ್ಳಗಿನ ಹೋಳು, ಉಪ್ಪು, ನಿಂಬೆ ಬೆರೆಸಿ ಕೊಟ್ಟೆ. ಅವಳು ಕಣ್ಣಲ್ಲಿ ನೀರು ಸುರಿಸುತ್ತ ಎರಡು ಸಲ ಹಾಕಿಸಿಕೊಂಡಳು. ಮೀನಿನ ಸಾರಿನ ಲೆಕ್ಕ ಚುಕ್ತಾ ಆಯಿತು.

ವಸಂತ್ ಕುಂಜ್

ಸಮಿತಿಯವರು ಒಪ್ಪಿದರು. ಭಾನುವಾರ ಬೆಳಗಿನ ತರಗತಿ ನನ್ನದಾಯಿತು. ಮೊದಲ ದಿನವೇ ನೆಲ ಒರೆಸುವ ಬಟ್ಟೆ ಕೊಟ್ಟಾಗ ಮಕ್ಕಳು "ಆಂಟೀ, ಸೀರಿಯಸ್ಲಿ?" ಎಂದು ಕಣ್ಣರಳಿಸಿದವು. ಆದರೆ ಅದಕ್ಕಿಂತ ಕಷ್ಟವಾದದ್ದು ಆ ಹೆಜ್ಜೆ ಬಿಡಿಸುವುದು. ಮೂರು ಹೆಜ್ಜೆಯಾದ ಕೂಡಲೇ ಇಡೀ ಸಾಲು ಎಡಕ್ಕೆ ಜಾರುತ್ತಿತ್ತು. "ಸೀಧಾ! ಸೀಧಾ!" ಎಂದು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು.

ಕೆಲವು ವಾರ ಕಳೆದ ಮೇಲೆ, ಸುಮಾರಾಗಿ ಎಲ್ಲರ ಕಾಲೂ ನೇರವಾಗುತ್ತಿದ್ದ ಒಂದು ಬೆಳಗ್ಗೆ, ಶಾಂತಕ್ಕ ಸರ್ ಅವರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ಕಾಯಿಲೆ ಬಿದ್ದ ಮೇಲೆ ಅವರು ಹಾಲಿಗೆ ಬಂದದ್ದು ಅದೇ ಮೊದಲು. ಮಕ್ಕಳೆಲ್ಲ ಬಾಗಿದರು. ನಾನು ಗೋಡೆಯ ಪಕ್ಕ, ಬಿಸಿಲು ಬೀಳುವ ಕಡೆ ಜಾಗ ಮಾಡಿದೆ. ಸರ್ ತಲೆ ಅಲ್ಲಾಡಿಸಿದರು. ಎಡಗೈಯಿಂದ ಮುಂದೆ ತೋರಿಸಿದರು. ಶಾಂತಕ್ಕ ಮುಂದೆ ತಳ್ಳಿದರು. ಇನ್ನೂ ಮುಂದೆ ಎಂದು ಕೈ. ಹಾಲಿನ ನಟ್ಟನಡುವೆ ಬಂದಾಗ ಕೈ ಕೆಳಗಿಳಿಯಿತು.

"ಇಲ್ಲಿ ಬೇಡ ರೀ, ಮಕ್ಕಳು ಬಂದು ಡಿಕ್ಕಿ ಹೊಡೀತಾರೆ," ಎಂದರು ಶಾಂತಕ್ಕ.

ಸರ್ ಅವರತ್ತ ನೋಡಲೇ ಇಲ್ಲ. ನನ್ನನ್ನು ನೋಡಿದರು. ಮುಖದ ಆ ಅರ್ಧಭಾಗದಲ್ಲಿ ಅದೇ ನಗುವಿತ್ತು.

ಓಕಿನಾವಾದಲ್ಲಿ ಮಾತು ಕೊಟ್ಟು ಬಂದವಳು ನಾನು. ಆದರೆ ಆ ಹಿರಿಯರು ಕೇಳಿದ್ದು ಕಂಬ ಈಗಲೂ ಇದೆಯಾ ಎಂದು. ಕುರ್ಚಿಯ ಗಾಲಿಗೆ ನಾನೇ ಹೋಗಿ ಬ್ರೇಕ್ ಹಾಕಿದೆ. ಸಾಲಿನ ಹಿಂದೆ ಬಂದು ನಿಂತೆ.

"ಚಲೋ ಮಕ್ಕಳೇ, ಸೇಯುಂಚಿನ್," ಎಂದೆ. "ಏಕ್. ದೋ. ತೀನ್."

ಮುಂದಿನ ಸಾಲು ಕುರ್ಚಿಯ ಹತ್ತಿರ ಬಂದು ತಡವರಿಸಿ, ನನ್ನ ಕಡೆ ತಿರುಗಿ ನೋಡಿತು.

"ಇವತ್ತು ಮಾತ್ರ," ಎಂದೆ, "ಎಡಕ್ಕೆ ಅರ್ಧ ಹೆಜ್ಜೆ."